ಜಪಾನಿನ ಕಡಲತೀರದ ಬಿಸಿನೀರಿನ ವಸತಿಗೃಹಗಳು: ಒಂದು ವ್ಯವಹಾರ ಅಧ್ಯಯನ

ಜಪಾನಿನೊಡನೆ ವ್ಯವಹಾರ ಸಂಬಂಧವುಳ್ಳ ನಮ್ಮ ಉದ್ಯಮಿಗಳು ಆ ದೇಶಕ್ಕೆ ಹೋದಾಗ ಸಾಮಾನ್ಯವಾಗಿ ಕಾರ್ಖಾನೆಗಳನ್ನು ನೋಡಿಕೊಂಡು ಹಿಂದಿರುಗುತ್ತಾರೆ. ಬಿಡದಿಯ ಕಾರು ಕಾರ್ಖಾನೆ 1999ರಲ್ಲಿ ಉತ್ಪಾದನೆ ಆರಂಭಿಸಿದ ಮೇಲೆ, ದಾಸ್ತಾನು ಕಡಿತ, ಹೊತ್ತಿಗೆ ಸರಿಯಾದ ಪೂರೈಕೆ ಎಂಬ ಮಾತುಗಳು ನಮ್ಮ ಸಣ್ಣ ತಯಾರಕರಿಗೂ ರೂಢಿಯಾಗಿವೆ. ಅದೇ ಶಿಸ್ತನ್ನು ಕಾರ್ಖಾನೆಗಳಿಗಿಂತ ಬಹು ಹಿಂದಿನಿಂದ ಪಾಲಿಸಿಕೊಂಡು ಬಂದಿರುವ ಇನ್ನೊಂದು ಉದ್ಯಮ ಅಲ್ಲಿದೆ. ಅದು ರ್ಯೋಕಾನ್ ಎಂದು ಕರೆಯಲ್ಪಡುವ ಸಾಂಪ್ರದಾಯಿಕ ವಸತಿಗೃಹ. ಅದರಲ್ಲಿಯೂ ಕಡಲತೀರದ ಬಿಸಿನೀರಿನ ಬುಗ್ಗೆಗಳ ಊರುಗಳಲ್ಲಿರುವ ವಸತಿಗೃಹ. ಪ್ರವಾಸಿಯು ಅದನ್ನು ವಿಶ್ರಾಂತಿಯ ತಾಣವೆಂದು ಕಾಣುತ್ತಾನೆ. ಲೆಕ್ಕಪುಸ್ತಕಗಳನ್ನು ತಿರುವಿ ಅಭ್ಯಾಸವಾದ ಕಣ್ಣಿಗೆ ಅದು ಬೇರೆಯಾಗಿಯೇ ಕಾಣುತ್ತದೆ.

ಈ ಉದ್ಯಮದ ಸ್ಥಿತಿ ಒಟ್ಟಾರೆ ಸಂತೋಷಕರವಾಗಿಲ್ಲ. 1980ರ ಸುಮಾರಿಗೆ ಜಪಾನಿನಲ್ಲಿ 80 ಸಾವಿರಕ್ಕೂ ಹೆಚ್ಚು ರ್ಯೋಕಾನ್‌ಗಳಿದ್ದವು. 2018ರಲ್ಲಿ ಕಾನೂನು ತಿದ್ದುಪಡಿಯಾಗಿ ಹೋಟೆಲು ಮತ್ತು ರ್ಯೋಕಾನ್ ಎಂಬ ಪ್ರತ್ಯೇಕ ವರ್ಗಗಳು ಒಂದಾಗುವ ವೇಳೆಗೆ ಆ ಸಂಖ್ಯೆ 40 ಸಾವಿರಕ್ಕಿಂತ ಕೆಳಗಿಳಿದಿತ್ತು. ಬುಗ್ಗೆಗಳು ಬತ್ತಿದ್ದರಿಂದ ಹೀಗಾಗಲಿಲ್ಲ. ನೀರು ಅದೇ, ಸಮುದ್ರ ಅದೇ, ಉಪಚಾರದ ಪದ್ಧತಿಯೂ ಬಹುಮಟ್ಟಿಗೆ ಅದೇ. ಹಾಗಿದ್ದೂ ಕೆಲವು ಊರುಗಳು ಸಾಲದಲ್ಲಿ ಮುಳುಗಿದವು, ಕೆಲವು ಉಳಿದುಕೊಂಡವು. ಇದಕ್ಕೆ ಕಾರಣವೇನೆಂಬುದನ್ನು ವ್ಯಾಪಾರಿಯ ದೃಷ್ಟಿಯಿಂದ ವಿವೇಚಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ ಒಂದು ವ್ಯಾಖ್ಯೆ. ಜಪಾನಿ ಭಾಷೆಯಲ್ಲಿ ಬಿಸಿನೀರಿನ ಬುಗ್ಗೆಗೆ ಓನ್ಸೆನ್ ಎಂದು ಹೆಸರು. 1948ರ ಓನ್ಸೆನ್ ಕಾಯಿದೆಯ ಪ್ರಕಾರ ಭೂಮಿಯಿಂದ ಹೊರಬರುವಾಗ ನೀರಿನ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚಿರಬೇಕು. ಇಲ್ಲವೇ ಕಾಯಿದೆಯಲ್ಲಿ ಹೆಸರಿಸಿರುವ 19 ದ್ರವ್ಯಗಳಲ್ಲಿ ಒಂದಾದರೂ ನಿಗದಿತ ಪ್ರಮಾಣದಲ್ಲಿರಬೇಕು. ಕಡಲತೀರದ ಬುಗ್ಗೆಗಳಲ್ಲಿ ಸಾಮಾನ್ಯವಾಗಿ ಉಪ್ಪಿನಂಶ ಅಧಿಕ. ಸ್ನಾನದ ನಂತರ ಚರ್ಮದ ಮೇಲೆ ಉಳಿಯುವ ಉಪ್ಪಿನ ತೆಳು ಪದರ ಬೆವರು ಆರುವುದನ್ನು ತಡೆಯುವುದರಿಂದ ಮೈ ಬಹಳ ಹೊತ್ತು ಬೆಚ್ಚಗಿರುತ್ತದೆ ಎಂದು ಅಲ್ಲಿನವರು ಹೇಳುತ್ತಾರೆ. ಅತಿಥಿಗೆ ಹಿತವಾದ ಇದೇ ಉಪ್ಪು ಮಾಲೀಕನ ಕೊಳವೆ, ಪಂಪು, ಕವಾಟಗಳನ್ನು ತಿನ್ನುತ್ತದೆ. ಆದುದರಿಂದ ಕಡಲತೀರದ ರ್ಯೋಕಾನ್‌ನ ಲೆಕ್ಕದಲ್ಲಿ ಸವಕಳಿ ಎಂಬುದು ಕಾಗದದ ಮೇಲಿನ ನಮೂದು ಮಾತ್ರವಲ್ಲ. ಕಣ್ಣಿಗೆ ಕಾಣುವ ತುಕ್ಕು.

ಒಂದು ರಾತ್ರಿ, ಎರಡು ಊಟ

ರ್ಯೋಕಾನ್‌ನಲ್ಲಿ ದರ ನಿಗದಿಯಾಗುವುದು ಕೊಠಡಿಗಲ್ಲ, ತಲೆಗೆ. ಒಂದು ರಾತ್ರಿಯ ವಾಸ, ರಾತ್ರಿಯ ಊಟ, ಬೆಳಗಿನ ಊಟ, ಬಿಸಿನೀರಿನ ಸ್ನಾನ ಇವೆಲ್ಲವೂ ಸೇರಿ ಒಬ್ಬರಿಗೆ ಇಷ್ಟು ಎಂಬುದು ರೂಢಿಯ ಕ್ರಮ. ಒಂದೇ ಕೊಠಡಿಯಲ್ಲಿ ಹೆಚ್ಚು ಜನ ತಂಗಿದರೆ ತಲಾ ದರ ಸ್ವಲ್ಪ ಇಳಿಯುತ್ತದೆ. ಬಳಕೆ ತೆರಿಗೆಯು 2019ರ ಅಕ್ಟೋಬರಿನಿಂದ ಶೇಕಡ 10ರಷ್ಟಿದೆ. ಅದಲ್ಲದೆ ಸ್ನಾನ ತೆರಿಗೆ ಎಂಬ ಸ್ಥಳೀಯ ತೆರಿಗೆಯೂ ಇದ್ದು, ಅದರ ಸಾಮಾನ್ಯ ದರ ಒಬ್ಬರಿಗೆ ದಿನಕ್ಕೆ 150 ಯೆನ್. ಈ ಚಿಕ್ಕ ತೆರಿಗೆಯ ಹಣವನ್ನು ಬುಗ್ಗೆಯ ಮೂಲದ ರಕ್ಷಣೆ, ನೈರ್ಮಲ್ಯ, ಅಗ್ನಿಶಾಮಕ ಸೌಲಭ್ಯ, ಪ್ರವಾಸೋದ್ಯಮದ ಅಭಿವೃದ್ಧಿ ಇವುಗಳಿಗೆಂದೇ ವಿನಿಯೋಗಿಸತಕ್ಕದ್ದು. ಕಟ್ಟಿದ ತೆರಿಗೆ ಎಲ್ಲಿಗೆ ಹೋಗುತ್ತದೆಂಬುದನ್ನು ಬಿಲ್ಲಿನಲ್ಲಿಯೇ ಊಹಿಸಬಲ್ಲ ಭಾಗ್ಯ ಎಲ್ಲ ದೇಶಗಳ ತೆರಿಗೆದಾರರಿಗೂ ಇಲ್ಲ.

ಅತಿಥಿಯು ಮಧ್ಯಾಹ್ನ ಮೂರು ಗಂಟೆಯ ನಂತರ ಬರುತ್ತಾನೆ. ಬಾಗಿಲಲ್ಲಿಯೇ ಪಾದರಕ್ಷೆ ಕಳಚಬೇಕು. ನಾಕಾಯಿ ಎಂದು ಕರೆಯಲಾಗುವ ಪರಿಚಾರಿಕೆಯು ಅವನನ್ನು ಕೊಠಡಿಗೆ ಕರೆದೊಯ್ದು, ಹಸಿರು ಚಹಾ ಮತ್ತು ಒಂದು ಚಿಕ್ಕ ಸಿಹಿ ತಿಂಡಿಯನ್ನು ಮುಂದಿಟ್ಟು, ಊಟದ ವೇಳೆಯನ್ನು ಕೇಳಿ ಹೋಗುತ್ತಾಳೆ. ಆ ಸಿಹಿ ಸಾಮಾನ್ಯವಾಗಿ ಆ ಊರಿನಲ್ಲಿಯೇ ತಯಾರಾದದ್ದು. ಮರುದಿನ ಹೊರಡುವಾಗ ಅದೇ ಸಿಹಿ ಪೆಟ್ಟಿಗೆಯಲ್ಲಿ ಕಟ್ಟಿಸಿಕೊಳ್ಳಲು ಸಿದ್ಧವಾಗಿ ಕೆಳಗಿನ ಅಂಗಡಿಯಲ್ಲಿರುತ್ತದೆ. ಬರಿಹೊಟ್ಟೆಯಲ್ಲಿ ಬಿಸಿನೀರಿಗಿಳಿದರೆ ತಲೆ ಸುತ್ತಬಹುದೆಂಬುದು ಆ ತಿಂಡಿ ಕೊಡುವುದಕ್ಕೆ ಹೇಳುವ ಕಾರಣ; ಮಾದರಿ ಹಂಚಿ ಮಾರಾಟ ಹೆಚ್ಚಿಸುವುದು ಹೇಳದೆ ಬಿಡುವ ಕಾರಣ. ಎರಡೂ ನಿಜವೇ.

ಕೊಠಡಿಯಲ್ಲಿ ಮಂಚವಿಲ್ಲ, ಕುರ್ಚಿಗಳೂ ಬಹಳವಿಲ್ಲ. ನೆಲಕ್ಕೆ ತತಾಮಿ ಎಂಬ ಹುಲ್ಲಿನ ದಪ್ಪ ಚಾಪೆ. ಕೊಠಡಿಯ ಅಳತೆಯನ್ನು ಎಷ್ಟು ಚಾಪೆ ಎಂದೇ ಎಣಿಸುತ್ತಾರೆ. ಹಗಲಿನಲ್ಲಿ ತಗ್ಗು ಮೇಜನ್ನಿಟ್ಟರೆ ಅದು ಬೈಠಕ್ಕಿನ ಕೋಣೆ. ಸಂಜೆ ಅದೇ ಮೇಜಿನ ಮೇಲೆ ಊಟ ಬಡಿಸಿದರೆ ಭೋಜನಶಾಲೆ. ಊಟವಾದ ಮೇಲೆ ಮೇಜನ್ನು ಸರಿಸಿ ಗೋಡೆಯ ಬೀರುವಿನಿಂದ ಹಾಸಿಗೆ ತೆಗೆದು ಹಾಸಿದರೆ ಶಯನಗೃಹ. ನಮ್ಮ ಹಳೆಯ ಮನೆಗಳ ಪಡಸಾಲೆಯನ್ನು ಬಲ್ಲವರಿಗೆ ಇದು ಹೊಸದೇನಲ್ಲ. ಒಂದು ಚದರ ಅಡಿ ಜಾಗವನ್ನು ದಿನಕ್ಕೆ ಮೂರು ಪಾಳಿಯಲ್ಲಿ ದುಡಿಸಿಕೊಳ್ಳುವ ಈ ಕ್ರಮವನ್ನು ಯಂತ್ರಗಳ ವಿಷಯದಲ್ಲಿ ನಾವೆಲ್ಲ ಒಪ್ಪುತ್ತೇವೆ. ಕಟ್ಟಡದ ವಿಷಯದಲ್ಲಿ ಮರೆಯುತ್ತೇವೆ. ಆದರೆ ಈ ಉಳಿತಾಯಕ್ಕೂ ಬೆಲೆಯಿದೆ. ಮೂರು ಪಾಳಿಗೂ ಜಾಗವನ್ನು ಬದಲಾಯಿಸುವ ಕೈಗಳು ಬೇಕು. ಕಟ್ಟಡದ ವೆಚ್ಚದಲ್ಲಿ ಉಳಿಸಿದ್ದರಲ್ಲಿ ಒಂದಂಶ ಸಂಬಳಕ್ಕೆ ಸಲ್ಲುತ್ತದೆ.

ಸ್ನಾನದ ನಿಯಮಗಳು ಸರಳ, ಆದರೆ ಕಟ್ಟುನಿಟ್ಟು. ಪುರುಷರಿಗೆ ಮತ್ತು ಸ್ತ್ರೀಯರಿಗೆ ಬೇರೆ ಬೇರೆ ತೊಟ್ಟಿಗಳು. ತೊಟ್ಟಿಗಿಳಿಯುವ ಮುನ್ನ ಪಕ್ಕದಲ್ಲಿ ಕುಳಿತು ಸಾಬೂನಿನಿಂದ ಮೈ ತೊಳೆದುಕೊಳ್ಳಬೇಕು. ತೊಟ್ಟಿಯ ನೀರು ಎಲ್ಲರದ್ದೂ. ಅದು ಮೈ ಕಾಯಿಸಲಿಕ್ಕೆ ಹೊರತು ಕೊಳೆ ತೊಳೆಯಲಿಕ್ಕಲ್ಲ. ಬಟ್ಟೆ ತೊಟ್ಟು ಇಳಿಯುವಂತಿಲ್ಲ, ಟವೆಲನ್ನು ನೀರಿಗೆ ಅದ್ದುವಂತಿಲ್ಲ. ಹಚ್ಚೆ ಹಾಕಿಸಿಕೊಂಡವರಿಗೆ ಅನೇಕ ಕಡೆ ಪ್ರವೇಶವಿಲ್ಲ. ನಮ್ಮವರಿಗೆ ಮೊದಲ ದಿನ ಸಂಕೋಚವೆನಿಸುವುದು ಸಹಜ.

ಊಟದಲ್ಲಿ ಚಿಕ್ಕ ಚಿಕ್ಕ ಬಟ್ಟಲುಗಳಲ್ಲಿ ಹಲವು ಬಗೆ: ಹಸಿ ಮೀನಿನ ತುಣುಕು, ಸುಟ್ಟ ಮೀನು, ಹಬೆಯಲ್ಲಿ ಬೇಯಿಸಿದ ಮೊಟ್ಟೆಯ ಪದಾರ್ಥ, ಮೇಜಿನ ಮೇಲೆಯೇ ಪುಟ್ಟ ಒಲೆಯಲ್ಲಿ ಬೇಯುವ ಒಂದು ಪಾತ್ರೆ, ಕೊನೆಗೆ ಅನ್ನ, ಸಾರು, ಉಪ್ಪಿನಕಾಯಿ. ಅತಿಥಿ ಆಯ್ಕೆ ಮಾಡಬೇಕಾದದ್ದು ಏನೂ ಇಲ್ಲ. ಅಂದಿನ ಊಟ ಅಂದು ಬಂದರಿಗೆ ಬಂದ ಮೀನನ್ನೂ ಋತುವನ್ನೂ ಅವಲಂಬಿಸಿರುತ್ತದೆ. ಇಲ್ಲಿಯೇ ಈ ಉದ್ಯಮದ ವೆಚ್ಚದ ಗುಟ್ಟಿದೆ. ಎಷ್ಟು ಜನ ಬರುತ್ತಾರೆ, ಎಷ್ಟು ಗಂಟೆಗೆ ಉಣ್ಣುತ್ತಾರೆ, ಏನನ್ನು ಉಣ್ಣುತ್ತಾರೆ ಎಂಬ ಮೂರೂ ಸಂಗತಿಗಳು ಅಡಿಗೆಯವನಿಗೆ ಬೆಳಿಗ್ಗೆಯೇ ತಿಳಿದಿರುತ್ತವೆ. ನಗರದ ಹೋಟೆಲಿನಲ್ಲಿ ಐವತ್ತು ಬಗೆಯ ತಿಂಡಿಗಳ ಪಟ್ಟಿಯಿಟ್ಟುಕೊಂಡು, ಬಾರದ ಗಿರಾಕಿಗಾಗಿ ಸಾಮಾನು ಹೊಂಚಿ, ರಾತ್ರಿ ಉಳಿದದ್ದನ್ನು ಚೆಲ್ಲುವ ನಷ್ಟ ಇಲ್ಲಿ ಬಹುಪಾಲು ಇಲ್ಲ. ಬೇಡಿಕೆಯನ್ನು ಅಂದಾಜು ಮಾಡುವ ಬದಲು ಬೇಡಿಕೆಯನ್ನೇ ಮೊದಲು ತಿಳಿದುಕೊಂಡು ತಯಾರಿಸುವ ಕ್ರಮವಿದು.

ಈ ಕಾರಣದಿಂದಲೇ ನಮ್ಮ ಸಸ್ಯಾಹಾರಿ ಬಾಂಧವರು ಅಲ್ಲಿ ಕಷ್ಟಕ್ಕೊಳಗಾಗುತ್ತಾರೆ. ತರಕಾರಿಯ ಪದಾರ್ಥಕ್ಕೂ ಒಣಗಿಸಿದ ಮೀನಿನ ಚೂರುಗಳಿಂದ ತೆಗೆದ ರಸವೇ ಆಧಾರವಾಗಿರುವುದು ಸಾಮಾನ್ಯ. ಊಟಕ್ಕೆ ಕುಳಿತ ಮೇಲೆ ಹೇಳಿದರೆ ಅಡಿಗೆಯವನು ಏನನ್ನೂ ಮಾಡಲಾರ. ಅದು ಅವನ ಅಸಡ್ಡೆಯಲ್ಲ, ವ್ಯವಸ್ಥೆಯ ಸ್ವಭಾವ. ಕೊಠಡಿ ಕಾಯ್ದಿರಿಸುವಾಗಲೇ ಮೀನಿನ ರಸವೂ ಕೂಡದೆಂದು ಬರೆದು ತಿಳಿಸಿ, ಒಪ್ಪಿಗೆ ಪಡೆದ ಮೇಲೆಯೇ ಹೋಗುವುದು ಉಚಿತ.

ತಲಾ ದರದ ಲೆಕ್ಕ

ತಲೆಗೆ ದರವಿಡುವುದರಿಂದ ಏನಾಗುತ್ತದೆಂಬುದನ್ನು ಒಂದು ಊಹೆಯ ಲೆಕ್ಕದಿಂದ ನೋಡೋಣ. ಈ ಅಂಕಿಗಳು ಯಾವುದೇ ನಿಜವಾದ ಸಂಸ್ಥೆಯವಲ್ಲ, ವಿವರಣೆಗಾಗಿ ಮಾತ್ರ. 20 ಕೊಠಡಿಗಳ ಒಂದು ರ್ಯೋಕಾನ್ ಇದೆಯೆಂದೂ, ಕೊಠಡಿಗೆ ಇಬ್ಬರಂತೆ 40 ಜನರ ಸಾಮರ್ಥ್ಯವೆಂದೂ, ತಲಾ ದರ 20,000 ಯೆನ್ ಎಂದೂ ಇಟ್ಟುಕೊಳ್ಳೋಣ. ದಿನಸಿ, ಬಟ್ಟೆ ಒಗೆತ, ದಲ್ಲಾಳಿ ಇತ್ಯಾದಿ ಚರ ವೆಚ್ಚ ತಲೆಗೆ 8,000 ಯೆನ್. ಉಳಿಯುವ ಕೊಡುಗೆ 12,000 ಯೆನ್. ಸಂಬಳ, ಬಡ್ಡಿ, ಸವಕಳಿ, ಇಂಧನ ಎಲ್ಲ ಸೇರಿ ದಿನದ ಸ್ಥಿರ ವೆಚ್ಚ 3,00,000 ಯೆನ್ ಆದರೆ, ದಿನಕ್ಕೆ 25 ಜನ ಬಂದಲ್ಲಿ ಲಾಭವೂ ಇಲ್ಲ ನಷ್ಟವೂ ಇಲ್ಲದ ಸ್ಥಿತಿ.

ಕೊಠಡಿಯಲ್ಲಿ ಇಬ್ಬರಿದ್ದರೆ ಕೊಡುಗೆ 24,000. ಒಬ್ಬನೇ ಇದ್ದರೆ 12,000. ಶನಿವಾರದಂದು ಒಂಟಿ ಪ್ರವಾಸಿಗೆ ಕೊಠಡಿ ಕೊಡುವುದೆಂದರೆ 12,000 ಯೆನ್ನನ್ನು ಕೈಬಿಟ್ಟಂತೆ. ಒಬ್ಬರೇ ಬಂದರೆ ಕೊಠಡಿ ಇಲ್ಲವೆನ್ನುವ ಹಳೆಯ ರೂಢಿಗೆ ಇದೇ ಕಾರಣ. ಅತಿಥಿಯ ಮೇಲಿನ ಅನುಮಾನವಲ್ಲ. ಅದೇ ಮಂಗಳವಾರ ಕೊಠಡಿ ಖಾಲಿ ಬಿದ್ದಿರುವಾಗ ಅದೇ ಒಂಟಿ ಪ್ರವಾಸಿಯು 12,000 ಯೆನ್ ತಂದುಕೊಡುವ ಲಾಭದ ಗಿರಾಕಿ. ಸರಾಸರಿಯ ಲೆಕ್ಕವನ್ನಷ್ಟೇ ನೋಡುವ ಮಾಲೀಕನಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ವಾರದ ನಡುವಿನ ದಿನಗಳಲ್ಲಿ ಒಂಟಿ ಪ್ರವಾಸಿಗಳನ್ನು ಬರಮಾಡಿಕೊಳ್ಳುವ ರ್ಯೋಕಾನ್‌ಗಳು ಹೆಚ್ಚಿವೆ.

ಈಗ ಮಾಲೀಕ ಬ್ಯಾಂಕಿನಿಂದ ಸಾಲ ತಂದು 60 ಕೊಠಡಿಗಳ ಕಾಂಕ್ರೀಟ್ ಕಟ್ಟಡ ಕಟ್ಟಿದನೆನ್ನಿ. ಲಿಫ್ಟು, ದೊಡ್ಡ ಔತಣ ಸಭಾಂಗಣ, ಒಳಗಿನ ಅಂಗಡಿಗಳು, ಬಡ್ಡಿ ಇವುಗಳಿಂದ ಸ್ಥಿರ ವೆಚ್ಚ ಮೂರು ಪಟ್ಟಲ್ಲ, ನಾಲ್ಕು ಪಟ್ಟಾಗಿ 12,00,000 ಯೆನ್ ಮುಟ್ಟಿತು. ಈಗ 120 ಜನರ ಸಾಮರ್ಥ್ಯದಲ್ಲಿ ದಿನಕ್ಕೆ 100 ಜನ ಬರಲೇಬೇಕು. ವಾರಾಂತ್ಯದ ಎರಡು ರಾತ್ರಿ ಎರಡೂ ಕಡೆ ಪೂರ್ಣ ಭರ್ತಿಯಾಗುತ್ತದೆಂದು ಭಾವಿಸಿದರೂ, ಉಳಿದ ಐದು ರಾತ್ರಿಗಳಲ್ಲಿ ಚಿಕ್ಕ ಮಾಲೀಕನಿಗೆ 40ರಲ್ಲಿ 19 ಜನ ಬಂದರೆ ಸಾಕು. ದೊಡ್ಡವನಿಗೆ 120ರಲ್ಲಿ 92 ಜನ ಬೇಕು. ವಾರದ ನಡುವೆ ಪ್ರತಿದಿನ 92 ಜನರನ್ನು ಕರೆತರುವವರು ಯಾರು? ಜಪಾನಿನಲ್ಲಿ ಒಂದು ಕಾಲಕ್ಕೆ ಈ ಪ್ರಶ್ನೆಗೆ ಉತ್ತರವಿತ್ತು. ಕಂಪನಿಗಳು ಕರೆತರುತ್ತಿದ್ದವು.

ಅತಾಮಿಯ ಏರಿಳಿತ

ಟೋಕಿಯೋದ ನೈಋತ್ಯಕ್ಕೆ, ಸಗಾಮಿ ಕೊಲ್ಲಿಯ ದಡದಲ್ಲಿ, ಬೆಟ್ಟದಿಂದ ಸಮುದ್ರಕ್ಕೆ ಇಳಿಜಾರಾಗಿರುವ ಊರು ಅತಾಮಿ. 1964ರ ಅಕ್ಟೋಬರಿನಲ್ಲಿ ಷಿಂಕಾನ್ಸೆನ್ ವೇಗದ ರೈಲು ಆರಂಭವಾದಾಗ ಅತಾಮಿಯಲ್ಲೂ ನಿಲ್ದಾಣವಾಯಿತು. ಟೋಕಿಯೋದಿಂದ ಒಂದು ಗಂಟೆಯೊಳಗೆ ಸಮುದ್ರ, ಬಿಸಿನೀರು ಎರಡೂ ಕೈಗೆ ಸಿಗುವಂತಾಯಿತು. ಕಂಪನಿಗಳು ಇಡೀ ಸಿಬ್ಬಂದಿಯನ್ನು ವರ್ಷಕ್ಕೊಮ್ಮೆ ಕರೆದೊಯ್ಯುವ ಪ್ರವಾಸಕ್ಕೆ ಈ ಊರು ಹೇಳಿ ಮಾಡಿಸಿದಂತಿತ್ತು. ಈ ಪ್ರವಾಸದ ಹಿಂದೆ ತೆರಿಗೆಯ ಅನುಕೂಲವೂ ಇದೆ. ಈಗಿನ ನಿಯಮದಂತೆ ಪ್ರವಾಸವು ನಾಲ್ಕು ರಾತ್ರಿ ಐದು ದಿನಗಳೊಳಗಿದ್ದು, ನೌಕರರಲ್ಲಿ ಅರ್ಧದಷ್ಟಾದರೂ ಭಾಗವಹಿಸಿ, ಖರ್ಚು ಮಿತಿಮೀರದಿದ್ದರೆ, ಅದನ್ನು ನೌಕರನ ಸಂಬಳವೆಂದು ಭಾವಿಸಿ ತೆರಿಗೆ ವಿಧಿಸುವುದಿಲ್ಲ. ಕಂಪನಿಯು ಅದನ್ನು ಕ್ಷೇಮಾಭ್ಯುದಯದ ವೆಚ್ಚವೆಂದು ತೋರಿಸಬಹುದು.

ದೊಡ್ಡ ಗುಂಪು ಬಂದರೆ ದೊಡ್ಡ ಸಭಾಂಗಣ ಬೇಕು. ಊಟವಾದ ಮೇಲೆ ಅವರು ಹೊರಗೆ ಹೋಗಿ ಬೇರೆಯವರ ಅಂಗಡಿಯಲ್ಲಿ ಕುಡಿದು, ಬೇರೆಯವರಲ್ಲಿ ಸಾಮಾನು ಕೊಳ್ಳುವುದೇಕೆ? ಮದ್ಯದ ಅಂಗಡಿ, ಹಾಡಿನ ಕೋಣೆ, ಸಿಹಿ ಅಂಗಡಿ, ನಡುರಾತ್ರಿಯ ಉಪಾಹಾರದ ಅಂಗಡಿ ಎಲ್ಲವೂ ಒಳಗೇ ಇದ್ದರೆ ಅತಿಥಿಯ ಜೇಬಿನ ಕೊನೆಯ ಯೆನ್ ಕೂಡ ತನಗೇ ಎಂದು ಮಾಲೀಕರು ಯೋಚಿಸಿದರು. ತಪ್ಪು ಲೆಕ್ಕವೆಂದು ಯಾವ ಲೆಕ್ಕಪರಿಶೋಧಕನೂ ಅಂದು ಹೇಳುತ್ತಿರಲಿಲ್ಲ. ಪ್ರತಿಯೊಬ್ಬನ ಲಾಭ-ನಷ್ಟ ಖಾತೆಯಲ್ಲಿ ಅದು ಲಾಭವಾಗಿಯೇ ಕಂಡಿತು. ಸಮುದ್ರದಂಚಿನುದ್ದಕ್ಕೂ ಎತ್ತರದ ಕಟ್ಟಡಗಳೆದ್ದವು. ಹಿಂದಿನ ಬೀದಿಯ ಅಂಗಡಿಗಳಿಗೆ ಸಂಜೆಯ ಗಿರಾಕಿ ಕಡಿಮೆಯಾದ. ಆ ನಷ್ಟ ಯಾವ ರ್ಯೋಕಾನ್‌ನ ಅಢಾವೆ ಪತ್ರಿಕೆಯಲ್ಲೂ ನಮೂದಾಗಲಿಲ್ಲ, ಏಕೆಂದರೆ ಬೀದಿ ಯಾರ ಆಸ್ತಿಯೂ ಅಲ್ಲ.

1960ರ ದಶಕದಲ್ಲಿ ವರ್ಷಕ್ಕೆ 50 ಲಕ್ಷ ದಾಟಿದ್ದ ತಂಗುವವರ ಸಂಖ್ಯೆ 2011ರ ವೇಳೆಗೆ ಅರ್ಧದಷ್ಟಕ್ಕೆ ಇಳಿಯಿತು. 1990ರ ದಶಕದ ಆರಂಭದಲ್ಲಿ ಜಪಾನಿನ ಭೂಮಿ ಮತ್ತು ಷೇರುಗಳ ಬೆಲೆಯ ಗುಳ್ಳೆ ಒಡೆದಾಗ ಕಂಪನಿಗಳು ಮೊದಲು ಕತ್ತರಿಸಿದ ಖರ್ಚುಗಳಲ್ಲಿ ಸಿಬ್ಬಂದಿ ಪ್ರವಾಸವೂ ಒಂದು. ಗುಂಪುಗಳು ನಿಂತವು. ಅವುಗಳ ಬದಲು ಬಂದವರು ಗಂಡ-ಹೆಂಡತಿ, ಚಿಕ್ಕ ಕುಟುಂಬ, ಇಬ್ಬರು ಗೆಳತಿಯರು. ಇವರಿಗೆ ನೂರು ಜನರ ಸಭಾಂಗಣ ಬೇಡ. ಸಂಜೆ ನಡೆದಾಡಲು ಒಂದು ಚೆಂದದ ಬೀದಿ ಬೇಕು. ಆ ಬೀದಿಯಲ್ಲಿ ಅಷ್ಟರೊಳಗೆ ಬಾಗಿಲುಗಳು ಮುಚ್ಚಿದ್ದವು. ಮೇಲಿನ ಊಹೆಯ ಲೆಕ್ಕದಲ್ಲಿ 92 ಜನರನ್ನು ಕಾಯುತ್ತ ಕುಳಿತವನ ಸ್ಥಿತಿ ಇಡೀ ಊರಿನದಾಯಿತು. ಜಪಾನಿನಲ್ಲಿ ಸಂಸ್ಥೆಯ ಸಾಲಕ್ಕೆ ಮಾಲೀಕ ಸ್ವಂತ ಜಾಮೀನು ನೀಡುವ ರೂಢಿ ವ್ಯಾಪಕವಾಗಿದ್ದುದರಿಂದ ವಸತಿಗೃಹದ ಜೊತೆಗೆ ಮನೆಯೂ ಹೋಯಿತೆಂಬ ಕುಟುಂಬಗಳು ಕಡಿಮೆಯಿಲ್ಲ. ಸ್ವಂತ ಜಾಮೀನಿನ ಕಾಗದಕ್ಕೆ ಓದದೆ ಸಹಿ ಮಾಡುವ ಅಭ್ಯಾಸವುಳ್ಳ ನಮ್ಮ ಸದಸ್ಯರು ಈ ವಾಕ್ಯವನ್ನು ಇನ್ನೊಮ್ಮೆ ಓದಬಹುದು. 2006ರಲ್ಲಿ ನಗರಾಡಳಿತವೇ ತನ್ನ ಹಣಕಾಸು ಬಿಕ್ಕಟ್ಟಿನಲ್ಲಿದೆಯೆಂದು ಬಹಿರಂಗವಾಗಿ ಘೋಷಿಸಬೇಕಾಯಿತು.

ಅತಾಮಿಯ ಕಡಲತೀರದಲ್ಲಿ ಒಂದು ಪ್ರತಿಮೆಯಿದೆ. ಓಝಾಕಿ ಕೋಯೋ ಬರೆದ, 1897ರಿಂದ ಧಾರಾವಾಹಿಯಾಗಿ ಪ್ರಕಟವಾದ ಪ್ರಸಿದ್ಧ ಕಾದಂಬರಿಯ ದೃಶ್ಯವದು: ಹಣವಂತನನ್ನು ವರಿಸಲು ಹೊರಟ ಹುಡುಗಿಯನ್ನು ನಾಯಕ ಕಾಲಿನಿಂದ ಒದೆಯುತ್ತಿದ್ದಾನೆ. ಆ ನಾಯಕ ಮುಂದೆ ನಿರ್ದಯ ಲೇವಾದೇವಿಗಾರನಾಗುತ್ತಾನೆ. ಸಾಲದಿಂದ ಕಂಗೆಟ್ಟ ಊರಿನ ಕಡಲತೀರಕ್ಕೆ ಬಡ್ಡಿ ವ್ಯಾಪಾರಿಯ ಪ್ರತಿಮೆ ಒಪ್ಪಿಗೆಯಾಗಿಯೇ ಇದೆ.

2010ರ ದಶಕದಲ್ಲಿ ಅತಾಮಿ ಚೇತರಿಸಿಕೊಂಡಿತು. ಊರಿನ ಯುವಕರು ಹಳೆಯ ಪೇಟೆಬೀದಿಯ ಮುಚ್ಚಿದ ಅಂಗಡಿಗಳಲ್ಲಿ ಕಾಫಿ ಅಂಗಡಿ, ಚಿಕ್ಕ ತಂಗುದಾಣಗಳನ್ನು ಒಂದೊಂದಾಗಿ ತೆರೆದದ್ದು ಅದಕ್ಕೆ ಒಂದು ಮುಖ್ಯ ಕಾರಣ. ಚೇತರಿಕೆ ಆರಂಭವಾದ ಸ್ಥಳಗಳಲ್ಲಿ ಬೀದಿಯೂ ಒಂದೆಂಬುದು ಗಮನಾರ್ಹ.

ವಾಕುರಾದ ಮೇಲ್ದರ್ಜೆಯ ಮಾದರಿ

ಗಾತ್ರವೇ ಸದಾ ಕೇಡು ಎಂದು ಇದರಿಂದ ತೀರ್ಮಾನಿಸಲಾಗದು. ನೋಟೊ ಪರ್ಯಾಯದ್ವೀಪದ ನಾನಾಓ ಕೊಲ್ಲಿಯ ದಡದಲ್ಲಿರುವ ವಾಕುರಾದಲ್ಲಿ ಬುಗ್ಗೆ ಮೊದಲು ಸಮುದ್ರದೊಳಗೇ ಉಕ್ಕುತ್ತಿತ್ತು. ಅಲ್ಲಿ 1906ರಲ್ಲಿ 12 ಕೊಠಡಿಗಳೊಡನೆ ಆರಂಭವಾದ ಕಾಗಾಯಾ ಎಂಬ ರ್ಯೋಕಾನ್ ಮುಂದೆ 200ಕ್ಕೂ ಹೆಚ್ಚು ಕೊಠಡಿಗಳ ಸಂಸ್ಥೆಯಾಗಿ ಬೆಳೆಯಿತು. ಪ್ರಯಾಣ ವೃತ್ತಿಯವರ ಮತದಿಂದ ಆರಿಸುವ ನೂರು ಶ್ರೇಷ್ಠ ವಸತಿಗೃಹಗಳ ಪಟ್ಟಿಯಲ್ಲಿ ಅದು 36 ವರ್ಷ ಸತತವಾಗಿ ಮೊದಲ ಸ್ಥಾನದಲ್ಲಿತ್ತು.

ಅದರ ಎರಡು ನಿರ್ಧಾರಗಳು ನಮ್ಮ ಗಮನಕ್ಕೆ ಅರ್ಹ. 1981ರಲ್ಲಿ ಹೊಸ ಕಟ್ಟಡ ಕಟ್ಟಿದಾಗ ಅಡಿಗೆಮನೆಯಿಂದ ಪ್ರತಿ ಅಂತಸ್ತಿಗೂ ಊಟವನ್ನು ತಾನಾಗಿಯೇ ಸಾಗಿಸುವ ಯಂತ್ರವ್ಯವಸ್ಥೆಯನ್ನು ಅಳವಡಿಸಿದರು. ಅತಿಥಿಗೆ ಆ ಯಂತ್ರ ಕಾಣುವುದಿಲ್ಲ. ಅವನ ಮುಂದೆ ಮಂಡಿಯೂರಿ ಬಟ್ಟಲಿಡುವುದು ಪರಿಚಾರಿಕೆಯೇ. ಭಾರದ ತಟ್ಟೆಗಳನ್ನು ಹೊತ್ತು ಉದ್ದ ಮೊಗಸಾಲೆಗಳಲ್ಲಿ ಓಡಾಡುವ ಶ್ರಮ ಮಾತ್ರ ತಪ್ಪಿತು. ಕೆಲಸದಲ್ಲಿ ಗಿರಾಕಿ ಹಣ ಕೊಡುವ ಭಾಗ ಯಾವುದು, ಕೊಡದ ಭಾಗ ಯಾವುದು ಎಂದು ಬೇರ್ಪಡಿಸಿ, ಎರಡನೆಯದಕ್ಕೆ ಮಾತ್ರ ಯಂತ್ರ ತಂದರು. 1986ರಲ್ಲಿ ಪರಿಚಾರಿಕೆಯರಿಗೆ ವಾಸದ ಮನೆಗಳನ್ನೂ ಅವರ ಮಕ್ಕಳನ್ನು ನೋಡಿಕೊಳ್ಳುವ ಶಿಶುವಿಹಾರವನ್ನೂ ಒಂದೇ ಕಟ್ಟಡದಲ್ಲಿ ಮಾಡಿಕೊಟ್ಟರು. ಸಂಜೆ ಹೊತ್ತು ಮಗುವನ್ನು ಬಿಟ್ಟು ದುಡಿಯಬೇಕಾದ ತಾಯಂದಿರೇ ಅಲ್ಲಿಯ ಸಿಬ್ಬಂದಿಯಲ್ಲಿ ಅನೇಕರು. ತರಬೇತಿ ಹೊಂದಿದ ಕೈ ಕೆಲಸ ಬಿಟ್ಟುಹೋದರೆ ಆಗುವ ವೆಚ್ಚವನ್ನು ಲೆಕ್ಕ ಹಾಕಿದವನಿಗೆ ಇದು ದಾನಧರ್ಮವೆನಿಸುವುದಿಲ್ಲ.

2024ರ ಜನವರಿ 1ರಂದು ನೋಟೊದಲ್ಲಿ ಸಂಭವಿಸಿದ 7.6 ಪ್ರಮಾಣದ ಭೂಕಂಪದಲ್ಲಿ ವಾಕುರಾದ ವಸತಿಗೃಹಗಳೆಲ್ಲ ಜಖಂಗೊಂಡವು. ಕಾಗಾಯಾ ಬಾಗಿಲು ಮುಚ್ಚಿತು. ಹಳೆಯ ಎತ್ತರದ ಕಟ್ಟಡಗಳನ್ನು ಕೆಡವಿ, ಸಮೀಪದ ಬೇರೆ ನಿವೇಶನದಲ್ಲಿ ಮೊದಲಿಗಿಂತ ಬಹಳ ಕಡಿಮೆ ಕೊಠಡಿಗಳೊಡನೆ ಮತ್ತೆ ಆರಂಭಿಸುವ ಯೋಜನೆಯನ್ನು ಅದು ಆನಂತರ ಪ್ರಕಟಿಸಿತು. ಎಷ್ಟು ಕೊಠಡಿ ಕಳೆದುಹೋದವೋ ಅಷ್ಟೇ ಕೊಠಡಿ ಮತ್ತೆ ಕಟ್ಟಬೇಕೆಂಬ ಹಟ ಹಿಡಿಯಲಿಲ್ಲವೆಂಬುದನ್ನು ಇಲ್ಲಿ ಗುರುತಿಸಿದರೆ ಸಾಕು.

ಕಿನೊಸಾಕಿಯ ನೀರಿನ ವ್ಯಾಜ್ಯ

ಮಾರುಯಾಮಾ ನದಿಯು ಜಪಾನ್ ಸಮುದ್ರವನ್ನು ಸೇರುವ ಮುಖದಿಂದ ತುಸು ಒಳಗೆ, ಹ್ಯೋಗೊ ಪ್ರಾಂತದಲ್ಲಿ, ಕಿನೊಸಾಕಿ ಎಂಬ ಹಳೆಯ ಬಿಸಿನೀರಿನ ಊರಿದೆ. 2005ರಿಂದ ಅದು ತೊಯೊಓಕಾ ನಗರದ ಭಾಗ. ಇಲ್ಲಿ ಹಿಂದಿನಿಂದಲೂ ರ್ಯೋಕಾನ್‌ಗಳೊಳಗೆ ಬಿಸಿನೀರಿನ ಸ್ನಾನವಿರಲಿಲ್ಲ. ಊರಿಗೆ ಸೇರಿದ ಸಾರ್ವಜನಿಕ ಸ್ನಾನಗೃಹಗಳಿದ್ದವು. ಅತಿಥಿಗಳು ತಂಗಿದ ಮನೆಯಿಂದ ಅಲ್ಲಿಗೆ ನಡೆದು ಹೋಗಿ ಮಿಂದು ಬರುತ್ತಿದ್ದರು.

1925ರ ಮೇ 23ರ ಭೂಕಂಪ ಮತ್ತು ಅದರ ಹಿಂದೆಯೇ ಹೊತ್ತಿದ ಬೆಂಕಿಯಲ್ಲಿ ಊರಿನ ಬಹುಭಾಗ ನಾಶವಾಯಿತು. ಪುನರ್ನಿರ್ಮಾಣದ ಕಾಲದಲ್ಲಿ ಒಬ್ಬ ರ್ಯೋಕಾನ್ ಮಾಲೀಕರು ತಮ್ಮ ಸ್ವಂತ ನೆಲದಲ್ಲಿ ಬಿಸಿನೀರು ತೆಗೆದು ಒಳಗೇ ಸ್ನಾನಗೃಹ ಕಟ್ಟಿದರು. ಊರು ಇದನ್ನು ವಿರೋಧಿಸಿತು. ನೆಲ ನನ್ನದು, ನೆಲದಡಿಯ ನೀರೂ ನನ್ನದು ಎಂಬುದು ಒಂದು ವಾದ. ನೀರಿನ ಮೂಲ ಭೂಮಿಯೊಳಗೆ ಒಂದೇ. ಒಬ್ಬ ಎಳೆದರೆ ಇನ್ನೊಬ್ಬನಿಗೆ ಕಡಿಮೆ. ತಲೆತಲಾಂತರದಿಂದ ಅದು ಊರಿನ ಸ್ವತ್ತು ಎಂಬುದು ಮತ್ತೊಂದು. ಇದರ ಹಿಂದೆ ವ್ಯಾಪಾರದ ಭೀತಿಯೂ ಇತ್ತು. ಎಲ್ಲರೂ ಒಳಗೇ ತೊಟ್ಟಿ ಕಟ್ಟಿದರೆ ಅತಿಥಿ ಹೊರಗೆ ಬರುವುದೇಕೆ? ಅವನು ಬಾರದಿದ್ದರೆ ಮರದ ಪಾದುಕೆ ಮಾರುವವನು, ಸಿಹಿ ಮಾರುವವನು, ಚಹಾದ ಅಂಗಡಿಯವನು ಬದುಕುವುದು ಹೇಗೆ? ಆದರೆ ಮಾಲೀಕರ ವಾದದಲ್ಲೂ ಹುರುಳಿತ್ತು. ಹೊಸ ಕಾಲದ ಅತಿಥಿ, ವಿಶೇಷವಾಗಿ ವೃದ್ಧರು ಮತ್ತು ಮಕ್ಕಳೊಂದಿಗರು, ಹಿಮ ಬೀಳುವ ರಾತ್ರಿಯಲ್ಲಿ ಬೀದಿಗಿಳಿಯಲು ಒಲ್ಲೆನೆಂದರೆ ಅವನನ್ನು ಕಳೆದುಕೊಳ್ಳಬೇಕೆ?

ವ್ಯಾಜ್ಯ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ನಡೆಯಿತು. ನಡುವೆ ಒಂದು ಮಹಾಯುದ್ಧವೇ ಬಂದು ಹೋಯಿತು. ನೆರೆಹೊರೆಯವರು ಎರಡು ಪಂಗಡಗಳಾಗಿ ಬಾಳಿದ ಆ ಕಾಲದ ಕಹಿಯನ್ನು ಒಂದೇ ಬೀದಿಯಲ್ಲಿ ಅಂಗಡಿಯಿಟ್ಟು ಮೊಕದ್ದಮೆ ನಡೆಸಿದವರು ಬಲ್ಲರು. ಕೊನೆಗೆ 1950ರಲ್ಲಿ ರಾಜಿಯಾಯಿತು. ಬಿಸಿನೀರು ಊರಿನ ಸಾಮೂಹಿಕ ಸ್ವತ್ತು, ಅದನ್ನು ಆಡಳಿತ ಮಾಡುವುದು ಊರಿನ ಆಸ್ತಿ ಸಮಿತಿ ಎಂದು ಒಪ್ಪಲಾಯಿತು. ರ್ಯೋಕಾನ್‌ಗಳು ಒಳಗೂ ಸ್ನಾನಗೃಹ ಇಟ್ಟುಕೊಳ್ಳಬಹುದು, ಆದರೆ ಅದರ ಗಾತ್ರಕ್ಕೆ ಮಿತಿಯುಂಟು. ಹೊರಗಿನ ಸಾರ್ವಜನಿಕ ಸ್ನಾನಗೃಹಗಳೇ ಪ್ರಧಾನವಾಗಿ ಉಳಿಯಬೇಕು. ನಂತರದ ದಶಕಗಳಲ್ಲಿ ಬುಗ್ಗೆಗಳ ನೀರನ್ನು ಒಂದೆಡೆ ಸಂಗ್ರಹಿಸಿ ಕೊಳವೆಗಳ ಮೂಲಕ ಎಲ್ಲರಿಗೂ ಹಂಚುವ ವ್ಯವಸ್ಥೆಯೂ ಬಂತು. ನೀರಿನ ಮೂಲವಿರುವ ನೆಲ ಯಾರದ್ದು ಎಂಬ ಅದೃಷ್ಟದ ಮೇಲೆ ಯಾರ ವ್ಯಾಪಾರವೂ ನಿಲ್ಲದಂತಾಯಿತು.

ರಾಜಿಯ ಷರತ್ತುಗಳನ್ನು ನಾವು ವೃತ್ತಿಯ ಕಣ್ಣಿನಿಂದ ನೋಡಿದರೆ, ಸ್ನಾನದ ತೊಟ್ಟಿ ಎಂಬ ಅತಿ ದೊಡ್ಡ ಬಂಡವಾಳದ ಬಾಬತ್ತನ್ನು ಪ್ರತಿಯೊಬ್ಬನ ಅಢಾವೆ ಪತ್ರಿಕೆಯಿಂದ ಬಹುಮಟ್ಟಿಗೆ ತೆಗೆದು ಊರಿನ ಸಾಮೂಹಿಕ ಲೆಕ್ಕಕ್ಕೆ ವರ್ಗಾಯಿಸಿದಂತಾಯಿತು. ಹತ್ತು ಕೊಠಡಿಗಳ ಮಾಲೀಕನೂ ತನ್ನ ಅತಿಥಿಗೆ ಹಲವು ದೊಡ್ಡ ಸ್ನಾನಗೃಹಗಳನ್ನು ತೋರಿಸಬಲ್ಲನಾದ. ಅವನ ಸ್ಥಿರ ವೆಚ್ಚ ಚಿಕ್ಕದಾಗಿಯೇ ಉಳಿಯಿತು. 40ರಲ್ಲಿ 19 ಜನ ಬಂದರೆ ಸಾಕೆನ್ನುವ ಮಾಲೀಕ ನಮ್ಮ ಊಹೆಯ ಲೆಕ್ಕದಲ್ಲಿ ಇದ್ದನಲ್ಲ, ಅವನ ಬಲ ಇದೇ.

ನಿಲ್ದಾಣವೇ ಹೆಬ್ಬಾಗಿಲು, ಬೀದಿಗಳೇ ಮೊಗಸಾಲೆ, ರ್ಯೋಕಾನ್‌ಗಳೇ ಕೊಠಡಿ, ಸಾರ್ವಜನಿಕ ಸ್ನಾನಗೃಹಗಳೇ ಬಚ್ಚಲುಮನೆ, ಅಂಗಡಿಗಳೇ ಉಗ್ರಾಣ. ಇಡೀ ಊರೇ ಒಂದು ವಸತಿಗೃಹ ಎಂಬುದು ಅಲ್ಲಿನವರು ತಮ್ಮ ಊರಿನ ಬಗ್ಗೆ ಹೇಳಿಕೊಳ್ಳುವ ಮಾತು. ತಂಗುವ ಅತಿಥಿಗೆ ಸ್ನಾನಗೃಹಗಳ ಪ್ರವೇಶ ಉಚಿತ. ಯುಕಾತಾ ಎಂಬ ಹತ್ತಿಯ ನಿಲುವಂಗಿ ತೊಟ್ಟು, ಮರದ ಪಾದುಕೆಯ ಸದ್ದು ಮಾಡುತ್ತ, ವಿಲ್ಲೋ ಮರಗಳ ಕಾಲುವೆಯ ದಡದಲ್ಲಿ ಒಂದು ಸ್ನಾನಗೃಹದಿಂದ ಇನ್ನೊಂದಕ್ಕೆ ಜನ ನಡೆಯುತ್ತಾರೆ. ನಡೆಯುವವನು ಕೊಳ್ಳುತ್ತಾನೆ.

ಈಚೆಗೆ ಇನ್ನೊಂದು ಹೆಜ್ಜೆ ಇಟ್ಟಿದ್ದಾರೆ. 2020ರ ದಶಕದಲ್ಲಿ ಅಲ್ಲಿಯ ಅನೇಕ ರ್ಯೋಕಾನ್‌ಗಳು ತಮ್ಮ ಮುಂಗಡ ಕಾಯ್ದಿರಿಸುವಿಕೆಯ ಅಂಕಿಗಳನ್ನು ಒಂದು ಸಾಮಾನ್ಯ ವ್ಯವಸ್ಥೆಗೆ ಸೇರಿಸಿ, ಊರಿನ ಒಟ್ಟು ಬೇಡಿಕೆ ಯಾವ ದಿನ ಎಷ್ಟಿದೆಯೆಂದು ಎಲ್ಲರೂ ನೋಡುವಂತೆ ಮಾಡಿಕೊಂಡವು. ಪಕ್ಕದವನು ಎಷ್ಟು ತುಂಬಿದ್ದಾನೆಂದು ತಿಳಿಯದೆ ಹೆದರಿ ದರ ಇಳಿಸುವುದು ಈ ವ್ಯಾಪಾರದ ಹಳೆಯ ರೋಗ. ನಮ್ಮ ಪೇಟೆಗಳಲ್ಲಿ ಪಕ್ಕದ ಅಂಗಡಿಯವನಿಗೆ ತನ್ನ ದಿನದ ವಹಿವಾಟನ್ನು ಹೇಳುವ ವರ್ತಕನನ್ನು ನಾನು ಮೂವತ್ತು ವರ್ಷಗಳ ವೃತ್ತಿಯಲ್ಲಿ ಕಂಡಿಲ್ಲ. ಕಿನೊಸಾಕಿಯಲ್ಲಿಯೂ ಅದು ಸುಲಭವಾಗಿರಲಾರದು. ನೀರನ್ನು ಹಂಚಿಕೊಂಡ ಅನುಭವ ಅವರಿಗೆ ಮೊದಲೇ ಇತ್ತು.

ಹೋಗಬಯಸುವವರಿಗೆ ಕೆಲವು ಸೂಚನೆಗಳು. ಕಿನೊಸಾಕಿಗೆ ಓಸಾಕಾ ಮತ್ತು ಕ್ಯೋಟೋಗಳಿಂದ ನೇರ ವೇಗದೂತ ರೈಲುಗಳಿದ್ದು, ಸುಮಾರು ಎರಡೂವರೆ ಗಂಟೆಯ ಪ್ರಯಾಣ. ನವೆಂಬರ್ 6ರಿಂದ ಮಾರ್ಚಿಯವರೆಗೆ ಆ ಕರಾವಳಿಯ ಏಡಿಯ ಋತು. ಹಿಡಿದ ಬಂದರನ್ನು ತಿಳಿಸುವ ಗುರುತುಪಟ್ಟಿಯನ್ನು ಏಡಿಗೆ ಕಟ್ಟಿ ಮಾರುತ್ತಾರೆ. ಆ ತಿಂಗಳುಗಳಲ್ಲಿ ದರ ಏರುತ್ತದೆ, ಕೊಠಡಿ ಸಿಗುವುದು ಕಷ್ಟ. ಏಡಿ ಬೇಡದವರು ವಾರದ ನಡುವಿನ ದಿನಗಳನ್ನು, ವಸಂತ ಅಥವಾ ಬೇಸಿಗೆಯ ಆರಂಭವನ್ನು ಆರಿಸಿಕೊಳ್ಳುವುದು ಲಾಭದಾಯಕ. ಕಾಯ್ದಿರಿಸಿದ ಮೇಲೆ ರದ್ದುಪಡಿಸಿದರೆ ದಿನ ಸಮೀಪಿಸಿದಂತೆ ಹೆಚ್ಚು ಶುಲ್ಕ ತೆರಬೇಕಾಗುತ್ತದೆ. ಭಕ್ಷೀಸು ಕೊಡುವ ಅಗತ್ಯವಿಲ್ಲ. ಸಂಜೆಯ ಊಟದ ವೇಳೆಯನ್ನು ಮಾತ್ರ ಮೀರಬಾರದು. ರೈಲು ತಪ್ಪಿದರೆ ದಾರಿಯಲ್ಲಿಯೇ ದೂರವಾಣಿ ಮಾಡಿ ತಿಳಿಸತಕ್ಕದ್ದು.